ಹೊತ್ತು ತಂದವನ ಬಾಡಿಗೆ



ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು ನಾನು. ಲಾಭ-ನಷ್ಟದ ಲೆಕ್ಕಗಳಲ್ಲಿ ನೀವು ತಪ್ಪಿದಾಗ ಕೆಂಪು ಶಾಯಿಯಿಂದ ಗುರುತು ಮಾಡಿದ್ದೇನೆ. ಕೆಲವರ ಕಿವಿಯನ್ನೂ ಹಿಂಡಿದ್ದೇನೆ. ಕಳೆದ ಮಳೆಗಾಲದಲ್ಲಿ ಅಂತಹುದೇ ಒಂದು ಸರಳ ಲೆಕ್ಕದಲ್ಲಿ ನಾನೇ ತಪ್ಪಿದೆ. ಅದನ್ನು ನಿಮ್ಮೆದುರು ಒಪ್ಪಿಕೊಂಡು, ಅದರಿಂದ ನನಗೆ ಮೂಡಿದ ಅಭಿಪ್ರಾಯವೊಂದನ್ನು ಹೇಳುವುದು ಈ ಬರಹದ ಉದ್ದೇಶ.

ಸುಬ್ರಹ್ಮಣ್ಯದಿಂದ ಹಾಸನಕ್ಕೆ ಹಿಂದಿರುಗುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಏರುತ್ತಿದ್ದಾಗ ಮಾರನಹಳ್ಳಿಯ ಬಳಿ ಕಾರಿನ ಕ್ಲಚ್ ಸುಟ್ಟು ವಾಹನ ನಿಂತೇ ಹೋಯಿತು. ಮಧ್ಯಾಹ್ನ ಮೂರು ಗಂಟೆ, ಜಡಿಮಳೆ, ಪಕ್ಕದಲ್ಲಿ ಒಂದೇ ಸಮನೆ ಸಾಗುವ ಲಾರಿಗಳು. ಶ್ರೀಮತಿಯವರು ಕೊಡೆ ಹಿಡಿದು ರಸ್ತೆಯಂಚಿನಲ್ಲಿ ನಿಂತರು. ನಮ್ಮ ಗ್ಯಾರೇಜಿನವರು ಕೊಟ್ಟ ಸಂಖ್ಯೆಗೆ ಕರೆ ಮಾಡಿದೆ. ಕಾರುಗಳನ್ನು ಹೊತ್ತೊಯ್ಯುವ ಚಪ್ಪಟೆ ಹಲಗೆಯ ಟೋಯಿಂಗ್ ಗಾಡಿಯ ಮಾಲೀಕನ ಸಂಖ್ಯೆ ಅದು. "ಹಾಸನದಿಂದ ಬರಬೇಕು ಸಾರ್, ಆರು ಸಾವಿರ ಆಗುತ್ತೆ" ಎಂದ. ನಾನು "ಬನ್ನಿ, ನೋಡೋಣ" ಎಂದೆ.

ಒಪ್ಪಿಗೆಯೂ ಅಲ್ಲದ, ನಿರಾಕರಣೆಯೂ ಅಲ್ಲದ ಮಾತು ಅದು. ಎರಡು ಗಂಟೆಗಳ ನಂತರ ಆತ ಬಂದ. ಕ್ಲೀನರ್ ಹುಡುಗನೊಡನೆ ಮಳೆಯಲ್ಲಿ ನೆನೆಯುತ್ತ ಹಲಗೆ ಇಳಿಸಿ, ವಿಂಚಿನ ಹಗ್ಗ ಸಿಕ್ಕಿಸಿ ಕಾರನ್ನು ಮೇಲಕ್ಕೆಳೆದು, ನಾಲ್ಕು ಚಕ್ರಗಳಿಗೂ ಪಟ್ಟಿ ಬಿಗಿದ. ಆಮೇಲೆ ನಾನು ಬಾಡಿಗೆಯ ಮಾತೆತ್ತಿದೆ. "ಅರವತ್ತು ಕಿಲೋಮೀಟರಿಗೆ ಆರು ಸಾವಿರವೇ? ಕಿಲೋಮೀಟರಿಗೆ ನೂರು ರೂಪಾಯಿ ಎಂದಾಯಿತಲ್ಲಪ್ಪ!" ಎಂದು ಮೇಷ್ಟರ ಧಾಟಿಯಲ್ಲಿ ಕೇಳಿದೆ. ಆತ ಒಮ್ಮೆ ನನ್ನ ಮುಖ ನೋಡಿ, "ನೀವು ಹೇಳಿ ಸಾರ್" ಎಂದ. ನಾಲ್ಕು ಸಾವಿರಕ್ಕೆ ಮುಗಿಸಿದೆ. ಎರಡು ಸಾವಿರ ಉಳಿಸಿದ ಹೆಮ್ಮೆಯಿಂದ ಆ ರಾತ್ರಿ ಸುಖವಾಗಿ ನಿದ್ರಿಸಿದೆ.

ಹದಿನೈದು ದಿನಗಳ ನಂತರ ಸಂತೆಯಲ್ಲಿ ಒಬ್ಬ ತಾಯಿ ನನ್ನನ್ನು ಗುರುತಿಸಿ ಕೈಮುಗಿದರು. "ಮೇಷ್ಟ್ರೇ, ಅವತ್ತು ನಿಮ್ಮ ಕಾರು ತಂದಿದ್ದು ನಮ್ಮ ಹುಡುಗನೇ. ನಿಮ್ಮನ್ನ ಮನೆ ಮುಟ್ಟಿಸಿದೆ ಅಂತ ಬಂದು ಖುಷಿಯಾಗಿ ಹೇಳ್ದ" ಎಂದರು. ಅವರ ಮಾತಿನಲ್ಲಿ ಆಕ್ಷೇಪಣೆಯ ಲವಲೇಶವೂ ಇರಲಿಲ್ಲ. ನನಗೆ ಮಾತ್ರ ನಿಂತ ನೆಲ ಕುಸಿದಂತಾಯಿತು. ಮಳೆಯಂಗಿ, ಗಡ್ಡಗಳ ನಡುವೆ ನಾನು ಅವನನ್ನು ಗುರುತಿಸಿರಲಿಲ್ಲ. ಅವನು ನನ್ನನ್ನು ಗುರುತಿಸಿದ್ದ. ಗುರುತಿಸಿದ್ದರಿಂದಲೇ ಚೌಕಾಸಿಗೆ ಎದುರಾಡಿರಲಿಲ್ಲ.

ಮರುದಿನ ಅವನ ಗಾಡಿ ನಿಲ್ಲುವ ಸ್ಥಳಕ್ಕೆ ಹೋದೆ. "ಈ ಬಾಡಿಗೆಯ ಲೆಕ್ಕವನ್ನು ನನಗೆ ಕಲಿಸು" ಎಂದೆ. ಸಂಕೋಚದಿಂದಲೇ ಹೇಳಿದ. ನಾನು ಬರೆದುಕೊಂಡೆ.

ನಾನು ಕಂಡಿದ್ದು 60 ಕಿ.ಮೀ. ಮಾತ್ರ, ಗಾಡಿ ಓಡಿದ್ದು 120 ಕಿ.ಮೀ. ಖಾಲಿ ಬರುವಾಗಲೂ ಎಂಜಿನ್ ಡೀಸೆಲ್ ಕುಡಿಯುತ್ತದೆ. ಘಾಟಿಯಲ್ಲಿ ಲೀಟರಿಗೆ 6 ಕಿ.ಮೀ. ಎಂದರೆ 20 ಲೀಟರ್. ಲೀಟರಿಗೆ 90 ರೂಪಾಯಿಯಂತೆ 1,800 ರೂಪಾಯಿ. ಟೈರು, ಆಯಿಲ್, ವಿಂಚಿನ ಹಗ್ಗ ಮುಂತಾದವುಗಳ ಸವೆತ ಕಿಲೋಮೀಟರಿಗೆ 5 ರೂಪಾಯಿಯಂತೆ 600. ಚಾಲಕನ ಕೂಲಿ 600, ಕ್ಲೀನರನದು 400. ಸಾಲದ ಕಂತು, ವಿಮೆ, ತೆರಿಗೆ, ಎಫ್.ಸಿ. ಎಲ್ಲ ಸೇರಿ ತಿಂಗಳಿಗೆ 36,000. ತಿಂಗಳಿಗೆ ಸರಾಸರಿ 20 ಬಾಡಿಗೆ ದೊರೆತರೆ ಒಂದೊಂದರ ಪಾಲಿಗೆ 1,800. ಒಟ್ಟು 5,200. ಅದರ ಮೇಲೆ 800 ರೂಪಾಯಿ ಲಾಭ. ಆರು ಸಾವಿರ! ಒಂದು ರೂಪಾಯಿಯೂ ಉತ್ಪ್ರೇಕ್ಷೆಯಿಲ್ಲ.

ನಾನು ಕೊಟ್ಟ ನಾಲ್ಕು ಸಾವಿರದಲ್ಲಿ ಡೀಸೆಲ್, ಸವೆತ, ಕ್ಲೀನರನ ಕೂಲಿಗಳನ್ನು ಕಳೆದರೆ 1,200 ಉಳಿಯುತ್ತದೆ. ಅದು ಕಂತಿನ ಪಾಲಿಗೇ ಸಾಲದು. ಅಂದರೆ ನನ್ನ ವಿದ್ಯಾರ್ಥಿ ಆ ದಿನ ಕೂಲಿಯಿಲ್ಲದೆ ದುಡಿದನಷ್ಟೇ ಅಲ್ಲ, ಕೈಯಿಂದ 600 ರೂಪಾಯಿ ಸೇರಿಸಿ ನನ್ನನ್ನು ಮನೆಗೆ ತಲುಪಿಸಿದ್ದ.

ನನ್ನ ತಪ್ಪಿನ ಮೂಲ ಎಲ್ಲಿತ್ತು? ತ್ರೈರಾಶಿಯಲ್ಲಿ. ದೂರವನ್ನೊಂದನ್ನೇ ಅಳತೆಗೋಲಾಗಿ ಹಿಡಿದು ಕಿಲೋಮೀಟರಿಗಿಷ್ಟು ಎಂದು ಭಾಗಿಸಿದ್ದೆ. ಇಲ್ಲಿ ತ್ರೈರಾಶಿ ನಡೆಯದು. ಈ ಬಾಡಿಗೆಯಲ್ಲಿ ಮೂರು ಭಾಗಗಳಿವೆ. ಗಾಡಿ ಮನೆಯ ಮುಂದೆ ಸುಮ್ಮನೆ ನಿಂತಿದ್ದರೂ ಬೀಳುವ ಖರ್ಚು ಮೊದಲನೆಯದು. ಓಡಿದಷ್ಟೂ ಬೆಳೆಯುವ ಖರ್ಚು ಎರಡನೆಯದು. ಮನುಷ್ಯರ ದುಡಿಮೆ ಮತ್ತು ಕಾಯುವಿಕೆಯ ಖರ್ಚು ಮೂರನೆಯದು. ದೂರಕ್ಕೆ ತಕ್ಕಂತೆ ಏರಿಳಿಯುವುದು ಮುಖ್ಯವಾಗಿ ಎರಡನೆಯದು. ಆದ್ದರಿಂದ 60 ಕಿ.ಮೀ.ಗೆ ಆರು ಸಾವಿರವಾದರೆ 6 ಕಿ.ಮೀ.ಗೆ ಆರುನೂರು ಸಾಕೆಂಬ ವಾದ ಸಲ್ಲದು. ಹತ್ತಿರದ ಬಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ ಯಾವಾಗಲೂ ದುಬಾರಿಯಾಗಿಯೇ ಕಾಣುತ್ತದೆ. ಹಳ್ಳಕ್ಕೆ ಬಿದ್ದ ವಾಹನವನ್ನು ಎತ್ತುವುದು, ಚಕ್ರ ತಿರುಗದ ವಾಹನವನ್ನು ಏರಿಸುವುದು ಬೇರೆಯೇ ಕೆಲಸಗಳು. ಅವುಗಳಿಗೆ ಪ್ರತ್ಯೇಕ ದರವಿರುವುದು ನ್ಯಾಯವೇ.

ಹಾಗೆಂದು ಕೇಳಿದ್ದನ್ನೆಲ್ಲ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗಳ ಕಾರು ರಾತ್ರಿ ಹೆದ್ದಾರಿಯಲ್ಲಿ ಕೆಟ್ಟು ನಿಂತಾಗ, ಒಬ್ಬಾತ 12 ಕಿ.ಮೀ. ಸಾಗಿಸಿ ಒಂಬತ್ತು ಸಾವಿರ ಕೇಳಿದ. ಕೊಡುವವರೆಗೂ ಕಾರನ್ನು ಕೆಳಗಿಳಿಸಲಿಲ್ಲ. ಜೊತೆಯಲ್ಲಿ ಅಳುವ ಮಗು. ಕೊಟ್ಟಳು. ಮೇಲಿನ ಲೆಕ್ಕವನ್ನೇ ಅನ್ವಯಿಸಿ ನೋಡಿ: ಹೋಗಿ ಬರುವ 24 ಕಿ.ಮೀ.ಗೆ ಕಿಲೋಮೀಟರಿಗೆ 20 ರೂಪಾಯಿಯಂತೆ 480. ನಿಂತ ಖರ್ಚು, ಕೂಲಿ, ಲಾಭಗಳನ್ನು ಒಂದಿಷ್ಟೂ ತಗ್ಗಿಸದೆ ಸೇರಿಸಿದರೂ 4,080. ರಾತ್ರಿಯೆಂದು ಮತ್ತೊಂದು ಸಾವಿರ ಸೇರಿಸೋಣ. ಉಳಿದ ಸುಮಾರು ನಾಲ್ಕು ಸಾವಿರ ಯಾವುದರ ಬೆಲೆ? ಅವಳ ಭಯದ ಬೆಲೆ.

ಎರಡು ಪ್ರಸಂಗಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ನಾಚಿಕೆಯಾಯಿತು. ಗಾಡಿ ಬರುವವರೆಗೆ ರಸ್ತೆಯಲ್ಲಿ ನಿಂತವನು ಅಸಹಾಯಕ. ದರ ಗೊತ್ತುಮಾಡದೆ ಗಾಡಿ ಕರೆಸಿದ ಮೇಲೆ, ಅಷ್ಟು ದೂರ ಡೀಸೆಲ್ ಸುಟ್ಟು ಬಂದವನೂ ಅಸಹಾಯಕ. ಬರಿಗೈಯಲ್ಲಿ ಮರಳುವುದಕ್ಕಿಂತ ಸಿಕ್ಕಷ್ಟು ಸಿಗಲೆಂದು ಒಪ್ಪುತ್ತಾನೆ. ಆ ರಾತ್ರಿಯವನು ನನ್ನ ಸೊಸೆಮಗಳ ಅಸಹಾಯಕತೆಯನ್ನು ಬಳಸಿಕೊಂಡ. ನಾನು ನನ್ನ ವಿದ್ಯಾರ್ಥಿಯ ಅಸಹಾಯಕತೆಯನ್ನು ಬಳಸಿಕೊಂಡೆ. ಅವನನ್ನು ಸುಲಿಗೆಕೋರನೆಂದು ಕರೆದ ನಾನು ನನ್ನ ಕೃತ್ಯಕ್ಕೆ ಜಾಣತನವೆಂದು ಹೆಸರಿಟ್ಟುಕೊಂಡಿದ್ದೆ.

ಆದ್ದರಿಂದ ನ್ಯಾಯವಾದ ಬಾಡಿಗೆಯ ಮೊದಲ ಲಕ್ಷಣ ಅದು ಹೆಚ್ಚೋ ಕಡಿಮೆಯೋ ಎಂಬುದಲ್ಲ; ಇಬ್ಬರೂ ಸ್ವತಂತ್ರರಾಗಿರುವಾಗ, ಅಂದರೆ ಗಾಡಿ ಹೊರಡುವುದಕ್ಕೆ ಮುಂಚೆಯೇ, ಅದು ನಿಶ್ಚಯವಾಗಿರಬೇಕು ಎಂಬುದು.

ಇಲ್ಲಿ ಸರ್ಕಾರದ ಪಾತ್ರವೂ ಇದೆ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೋ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಅನಂತರ ಕಿಲೋಮೀಟರಿಗೆ 18 ರೂಪಾಯಿ ಎಂದು ನಿಗದಿಯಾಯಿತು. ಆಟೋದವರು ಅದನ್ನು ಪಾಲಿಸುತ್ತಾರೋ ಇಲ್ಲವೋ, ಕೇಳಲು ಒಂದು ಆಧಾರವಾದರೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 67ನೆಯ ಪ್ರಕರಣವು ಸರಕು ವಾಹನಗಳ ಸಾಗಣೆ ದರಕ್ಕೂ ಗರಿಷ್ಠ-ಕನಿಷ್ಠ ಮಿತಿ ಗೊತ್ತುಪಡಿಸುವ ನಿರ್ದೇಶನ ನೀಡಲು ರಾಜ್ಯ ಸರ್ಕಾರಗಳಿಗೆ ಅವಕಾಶ ಕೊಟ್ಟಿದೆ. ಕೆಟ್ಟ ವಾಹನಗಳನ್ನು ಸಾಗಿಸುವವರಿಗೂ ಅಂತಹುದೊಂದು ದರಪಟ್ಟಿ ಬೇಕು. ಗರಿಷ್ಠ ಮಾತ್ರವಲ್ಲ, ಕನಿಷ್ಠವೂ ಇರಬೇಕು. ಏಕೆಂದರೆ ದರ ಖರ್ಚಿಗಿಂತ ಕೆಳಗಿಳಿದಾಗ ಮೊದಲು ಮಾಯವಾಗುವವನು ಕ್ಲೀನರ್ ಹುಡುಗ, ಅನಂತರ ಹೊಸ ಟೈರು, ಅನಂತರ ನಾಲ್ಕನೆಯ ಚಕ್ರದ ಪಟ್ಟಿ. ಘಾಟಿಯಲ್ಲಿ ಆ ಪಟ್ಟಿ ಹಿಂದೆ ಬರುವವರ ಪ್ರಾಣದ ಪ್ರಶ್ನೆ.

ಕೆನಡಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿನ ವಿಷಯ ತಿಳಿಸಿದ. 2020ರ ಸುಮಾರಿಗೆ ಟೊರಾಂಟೊ ಸುತ್ತಮುತ್ತ ಈ ಉದ್ಯಮದವರ ನಡುವಿನ ಪೈಪೋಟಿ ಎದುರಾಳಿಗಳ ಗಾಡಿಗಳಿಗೆ ಬೆಂಕಿಯಿಡುವ ಮಟ್ಟ ಮುಟ್ಟಿತ್ತು. ಒಂಟಾರಿಯೊ ಪ್ರಾಂತ್ಯ 2021ರಲ್ಲಿ ಇದಕ್ಕೆಂದೇ ಕಾಯಿದೆ ಮಾಡಿತು. 2024ರಲ್ಲಿ ನಿಯಮಗಳು ಜಾರಿಗೆ ಬಂದವು. ವಾಹನ ಎಳೆಯುವ ಮೊದಲು ಒಪ್ಪಿಗೆ ಪಡೆಯಬೇಕು, ಗರಿಷ್ಠ ದರವನ್ನು ಮೊದಲೇ ಪ್ರಕಟಿಸಿರಬೇಕು, ಬಾಬುವಾರು ರಸೀದಿ ಕೊಡಬೇಕು. ಇವು ನಮಗೆ ಅಸಾಧ್ಯವಾದವುಗಳೇನಲ್ಲ.

ಕಾನೂನು ಬರುವವರೆಗೆ ನಾವು ಮಾಡಬಹುದಾದುದಿಷ್ಟು. ನಿಮ್ಮ ಕಾರಿನ ವಿಮೆಯಲ್ಲಿ ರಸ್ತೆಬದಿ ನೆರವು ಇದೆಯೇ, ಎಷ್ಟು ಕಿಲೋಮೀಟರಿನವರೆಗೆ ಎಂಬುದನ್ನು ಇಂದೇ ಓದಿಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಕರೆ ಮಾಡಿ. ಆದರೆ ಅದು ಅಪಾಯದ ಸ್ಥಳದಿಂದ ಪಾರಾಗಲು, ಮನೆ ತಲುಪಲು ಅಲ್ಲ. ಗಾಡಿ ಕರೆಸುವಾಗ ಎಲ್ಲಿಂದ ಬರುತ್ತಾರೆ, ಒಟ್ಟು ಬಾಡಿಗೆ ಎಷ್ಟು, ಟೋಲ್ ಮತ್ತು ಕಾಯುವ ಸಮಯ ಅದರಲ್ಲಿ ಸೇರಿದೆಯೇ ಎಂದು ಕೇಳಿ, ಒಪ್ಪಿದ ಮೊತ್ತವನ್ನು ಸಂದೇಶದಲ್ಲಿ ಬರೆಸಿಕೊಳ್ಳಿ. ವರ್ಗಾವಣೆಯಾಗಿ ದೂರದ ಊರಿಗೆ ದೊಡ್ಡ ಟ್ರೇಲರಿನಲ್ಲಿ ಕಾರು ಕಳುಹಿಸುವವರಿಗೂ ಇದೇ ಮಾತು. ಅಲ್ಲಿ ಹಲವು ಕಾರುಗಳು ಖರ್ಚನ್ನು ಹಂಚಿಕೊಳ್ಳುವುದರಿಂದ ದರ ಇಳಿಯುತ್ತದೆ, ಪ್ರತಿಯಾಗಿ ದಿನ ಏರುಪೇರಾಗುತ್ತದೆ. ಎಲ್ಲರಿಗಿಂತ ಬಹಳ ಕಡಿಮೆ ಹೇಳಿದವನ ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ ಎಂದು ಮೊದಲೇ ಕೇಳಿ. ಇಲ್ಲದಿದ್ದರೆ ಕಾರು ತಲುಪಿದ ದಿನ ಅದು ತಾನಾಗಿಯೇ ಪ್ರತ್ಯಕ್ಷವಾಗುತ್ತದೆ.

ಕೊನೆಯದಾಗಿ, ಆ ದಿನ ಲೆಕ್ಕ ಮುಗಿದ ಮೇಲೆ ನಾನು ಎರಡು ಸಾವಿರ ರೂಪಾಯಿ ಮುಂದಿಟ್ಟೆ. "ಬೇಡ ಸಾರ್, ಗುರುದಕ್ಷಿಣೆ ಅಂದ್ಕೊಳ್ಳಿ" ಎಂದ. "ಗುರುದಕ್ಷಿಣೆಯನ್ನು ಶಿಷ್ಯ ಕೊಡಬೇಕಪ್ಪ, ಗುರು ಕಿತ್ತುಕೊಳ್ಳಬಾರದು" ಎಂದೆ. ಬಹಳ ಹೊತ್ತು ಒತ್ತಾಯಿಸಿದ ಮೇಲೆ 1,200 ರೂಪಾಯಿಯನ್ನಷ್ಟೇ ತೆಗೆದುಕೊಂಡು, "ನಷ್ಟ ಸರಿಹೋಯ್ತು ಸಾರ್, ಲಾಭ ಬೇಡ" ಎಂದು ಉಳಿದ ಎಂಟುನೂರನ್ನು ನನ್ನ ಜೇಬಿಗೇ ತುರುಕಿದ. ಅದರ ಮೇಲೆ ಚಹಾ ಕುಡಿಸಿ, ಅದರ ದುಡ್ಡನ್ನೂ ತಾನೇ ಕೊಟ್ಟ.

ಆ ಎಂಟುನೂರು ಇನ್ನೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಮುಂದಿನ ಬಾರಿ ಅವನನ್ನು ಕರೆಯುವ ಪ್ರಸಂಗ ಬಂದರೆ ಫೋನಿನಲ್ಲೇ ದರ ಒಪ್ಪಿಕೊಂಡು, ಅದರೊಂದಿಗೆ ಇದನ್ನೂ ಸೇರಿಸಿ ಕೊಡುವವನಿದ್ದೇನೆ.