ಕೀಲಿಗಿಂತ ಮೊದಲು ಪಕ್ಕದ ಸೀಟು

ಪಿಯುಸಿ ಮುಗಿದು ಕಾಲೇಜು ಸೀಟು ಖಾತ್ರಿಯಾದ ಮನೆಗಳಲ್ಲಿ ಸ್ಕೂಟಿಗೆ ನಿಲ್ಲುತ್ತಿದ್ದ ಬೇಡಿಕೆ ಈಗ ಕಾರಿನವರೆಗೂ ಬಂದಿದೆ. ಸಾಲ ಸುಲಭ, ಸೆಕೆಂಡ್ ಹ್ಯಾಂಡ್ ಆದರೆ ಇನ್ನೂ ಸುಲಭ. ಹೀಗಾಗಿ ಅಪ್ಪ–ಅಮ್ಮ ಮೊದಲು ಕಂತಿನ ಲೆಕ್ಕ ಹಾಕುತ್ತಾರೆ. ಕಾರು ರಸ್ತೆಗಿಳಿದ ಮೇಲೆ ಅದರ ಹೊಣೆ ಯಾರದು ಎಂಬ ಲೆಕ್ಕ ಹಿಂದೆ ಬೀಳುತ್ತದೆ.

18 ತುಂಬದವರ ಬಗ್ಗೆ ಚರ್ಚೆಗೆ ಜಾಗವೇ ಇಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಂ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, ₹25,000 ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್‌ಆರ್ ಸಹ ಇಲ್ಲ. ‘ನನಗೆ ಗೊತ್ತೇ ಇರಲಿಲ್ಲ’ ಎಂದರೆ ಸಾಲದು, ಅದನ್ನು ರುಜುವಾತುಪಡಿಸುವ ಭಾರವೂ ಪೋಷಕರದೇ. ವಿಮಾ ಕಂಪನಿಯು ಸಂತ್ರಸ್ತರಿಗೆ ಕೊಟ್ಟ ಪರಿಹಾರವನ್ನು ಮಾಲೀಕರಿಂದ ವಸೂಲು ಮಾಡುವ ಸಾಧ್ಯತೆ ಬೇರೆ.

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ 17ರ ಹುಡುಗನಿದ್ದ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತರು. 300 ಪದಗಳ ಪ್ರಬಂಧ ಬರೆಯುವ ಷರತ್ತಿನ ಮೇಲೆ ಸಿಕ್ಕ ಜಾಮೀನಿನ ಬಗ್ಗೆ ದೇಶವೇ ಸಿಟ್ಟಾಯಿತು. ಅಷ್ಟು ಚರ್ಚೆಯಾಗದ ಸಂಗತಿ ಇನ್ನೊಂದಿದೆ. ಬೆಂಗಳೂರಿನ ಡೀಲರ್ ಮೂಲಕ ಬಂದಿದ್ದ ಆ ಕಾರಿಗೆ ಕಾಯಂ ನೋಂದಣಿಯೇ ಆಗಿರಲಿಲ್ಲ. ಕಾಗದಪತ್ರ ಪೂರ್ತಿಯಾಗುವ ಮೊದಲೇ ಅದು ಹುಡುಗನ ಕೈ ಸೇರಿತ್ತು.

ಕಷ್ಟದ ಪ್ರಶ್ನೆ ಏಳುವುದು 18, 19ರ ಹರೆಯದವರ ವಿಷಯದಲ್ಲಿ. ಅವರ ಅಗತ್ಯ ಸುಳ್ಳಲ್ಲ. ಊರಾಚೆಯ ಕಾಲೇಜು, ಸಂಜೆ ಮುಗಿಯುವ ಲ್ಯಾಬ್, ತಪ್ಪಿಹೋದ ಕೊನೆಯ ಬಸ್ಸು, ಮಗಳು ಮನೆ ಸೇರುವವರೆಗಿನ ಆತಂಕ ಎಲ್ಲವೂ ನಿಜ. ಆದರೆ ನಮ್ಮಲ್ಲಿ ಎಲ್‌ಎಲ್‌ಆರ್ ಪಡೆದು 30 ದಿನ ಕಳೆದರೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಆರ್‌ಟಿಒ ಟ್ರ್ಯಾಕಿನಲ್ಲಿ ಪಾಸಾದವನು ಅದೇ ವಾರ ನಾಲ್ವರು ಗೆಳೆಯರನ್ನು ಕೂರಿಸಿಕೊಂಡು ಮಧ್ಯರಾತ್ರಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಇಳಿದರೂ ಕಾನೂನು ತಡೆಯುವುದಿಲ್ಲ. ನಿನ್ನೆಯವರೆಗೆ ಏನೂ ಇಲ್ಲ, ಇವತ್ತಿನಿಂದ ಎಲ್ಲವೂ. ನಡುವೆ ಮೆಟ್ಟಿಲೇ ಇಲ್ಲ.

‘ಅಮೆರಿಕದಲ್ಲಿ ನಮ್ಮವರ ಮಕ್ಕಳು 16ಕ್ಕೇ ಓಡಿಸುತ್ತಾರಲ್ಲ’ ಎನ್ನುವವರು ಆ ಮೆಟ್ಟಿಲುಗಳನ್ನು ಗಮನಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ 18ರೊಳಗಿನವರು ಲೈಸೆನ್ಸ್‌ಗೆ ಮೊದಲು ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು 50 ಗಂಟೆ ಓಡಿಸಿರಬೇಕು, ಅದರಲ್ಲಿ 10 ಗಂಟೆ ರಾತ್ರಿ. ಲೈಸೆನ್ಸ್ ಸಿಕ್ಕ ಮೊದಲ ವರ್ಷ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ. ಹಿರಿಯರಿಲ್ಲದೆ 20ರೊಳಗಿನ ಗೆಳೆಯರನ್ನು ಹತ್ತಿಸಿಕೊಳ್ಳುವಂತಿಲ್ಲ. ಕೆಲವೇ ವಿನಾಯಿತಿಗಳುಂಟು. ನ್ಯೂಜಿಲೆಂಡ್ 1987ರಲ್ಲೇ ಇಂಥ ಹಂತಹಂತದ ಪದ್ಧತಿ ತಂದಿತು. ಹೊಸ ಚಾಲಕರಿಗೆ ಹೆಚ್ಚು ಅಪಾಯ ತರುವುದು ಕತ್ತಲು ಮತ್ತು ಹಿಂದಿನ ಸೀಟಿನ ಗೆಳೆಯರು ಎಂಬ ತಿಳಿವಳಿಕೆ ಈ ನಿಯಮಗಳ ಹಿಂದಿದೆ.

ನಮ್ಮ ಕಾಯ್ದೆಗೂ ಇಂಥ ಹಂತಗಳು ಬೇಕು. ಅವು ಬರುವವರೆಗೆ ಆ ಕೆಲಸ ಮನೆಯದು. ಇಲ್ಲಿಯೇ ಸ್ವಂತ ಕಾರಿಗೂ ಮನೆಯ ಕಾರಿಗೂ ವ್ಯತ್ಯಾಸ ಕಾಣುವುದು. ಕಾಲೇಜಿನ ಸಂತೋಷಕ್ಕೆ ಉಡುಗೊರೆಯಾಗಿ ಕೊಟ್ಟ ಕಾರಿಗೆ ಆಮೇಲೆ ಷರತ್ತು ಹಾಕಿದರೆ ಅದು ಮಕ್ಕಳ ಕಣ್ಣಿಗೆ ಶಿಕ್ಷೆಯಾಗಿ ಕಾಣುತ್ತದೆ. ಮನೆಯ ಕಾರಿಗಾದರೆ ಪ್ರತಿ ಸಲವೂ ಕೇಳಬೇಕು, ಹೋಗುವ ಜಾಗ ಹೇಳಬೇಕು, ಇಂತಿಷ್ಟು ಹೊತ್ತಿಗೆ ತಂದು ನಿಲ್ಲಿಸಬೇಕು. ಈ ಚೌಕಾಸಿಯಲ್ಲೇ ಅರ್ಧ ಕಲಿಕೆ ನಡೆದುಹೋಗುತ್ತದೆ.

ಆದ್ದರಿಂದ ಹದಿಹರೆಯದವರಿಗೆ ಕಾರು ಕೊಡಿಸಬೇಕಿಲ್ಲ. ಡಿಎಲ್ ಬಂದ ಮೊದಲ ವರ್ಷ ಮನೆಯ ಕಾರೇ ಸಾಕು. ಮಳೆಯಲ್ಲಿ, ಘಾಟಿಯಲ್ಲಿ, ರಾತ್ರಿಯಲ್ಲಿ ಪಕ್ಕದ ಸೀಟಿನಲ್ಲಿ ಅಪ್ಪನೋ ಅಮ್ಮನೋ ಇರಲಿ. ಪೆಟ್ರೋಲಿನ ಒಂದು ಪಾಲು ಮಕ್ಕಳ ಜೇಬಿನಿಂದ ಹೋಗಲಿ. ಪಕ್ಕದಲ್ಲಿ ಕೂರಲು ಪುರುಸೊತ್ತಿಲ್ಲ ಎನ್ನುವ ಪೋಷಕರು ಕಾರಿನ ಮುಂಗಡ ಕಟ್ಟುವುದನ್ನೂ ಮುಂದೂಡಬೇಕು.