ಸತ್ತ ದನ ಕೇರಿಗೆ, ಕತ್ತರಿ ಯಾರ ಕೈಗೆ?

‘ದನದ ಡಾಕ್ಟ್ರು’ ಅಂದರೆ ಹಾಸ್ಟೆಲುಗಳಲ್ಲಿ ನಗುವವರಿದ್ದಾರೆ. ಮನುಷ್ಯರ ಡಾಕ್ಟರಾಗಲು ಮಾರ್ಕ್ಸು ಸಾಲದವನಿಗೆ ಅದು ಅಂತ. ನಗುವವರನ್ನು ಬಿಡಿ. ನಮ್ಮವರೇ ಕೆಲವರು ಸಿಟ್ಟಿನಿಂದ ಕೇಳುತ್ತಾರೆ: 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದರು. ಸತ್ತ ದನ ಎಳೆಯಲ್ಲ ಅಂದದ್ದಕ್ಕೆ ಎಷ್ಟೋ ಊರುಗಳಲ್ಲಿ ನಮ್ಮ ಹಿರಿಯರು ಬಹಿಷ್ಕಾರ ಸಹಿಸಿದರು. ಈಗ ನೀವು ಬಂದು ಮತ್ತೆ ದನದ ಹೊಟ್ಟೆಗೆ ಕೈ ಹಾಕಿ ಅಂತೀರಲ್ಲ, ಏನ್ರಯ್ಯಾ?

ಅಂತೀವಿ. ಹಿರಿಯರು ಬಿಸಾಕಿದ್ದು ಬಿಟ್ಟಿ ಚಾಕರಿಯನ್ನು. ಅದರ ಜೊತೆಗೆ ಒಂದು ವಿದ್ಯೆಯೂ ಕೈಬಿಟ್ಟು ಹೋಯಿತು. ಎತ್ತಿಕೊಂಡವರು ಬೇರೆಯವರು. ನಮ್ಮ ಜಗಳ ಇದರ ಬಗ್ಗೆ.

ದನ ತಂತಿ ನುಂಗುತ್ತದೆ. ಅದು ಮೊದಲು ನುಂಗಿ ಆಮೇಲೆ ಮೆಲುಕು ಹಾಕುವ ಪ್ರಾಣಿ, ಹುಲ್ಲಿನ ಜೊತೆ ಮೊಳೆ, ಸೂಜಿ, ಬೇಲಿ ತಂತಿ ಏನಿದ್ದರೂ ಒಳಕ್ಕೆ ಹೋಗುತ್ತದೆ. ಹೋಗಿ ಎರಡನೇ ಹೊಟ್ಟೆಯಲ್ಲಿ, ಜೇನುಗೂಡಿನ ಹಾಗೆ ಕಣ್ಣುಕಣ್ಣಾಗಿರುವ ಚೀಲದಲ್ಲಿ ಕೂರುತ್ತದೆ. ಅದರ ಮುಂದೆ ವಪೆ, ವಪೆಯಾಚೆ ಗುಂಡಿಗೆ. ತಂತಿ ಮೆಲ್ಲಗೆ ಮುಂದೆ ಸರಿದು ಗುಂಡಿಗೆಯ ಚೀಲಕ್ಕೆ ಚುಚ್ಚಿದರೆ ಅಲ್ಲಿ ಕೀವು ತುಂಬಿ, ಎದೆಯ ಕೆಳಗೆ ಬಾವು ಇಳಿದು, ದನ ಸಾಯುತ್ತದೆ. ಪುಸ್ತಕದಲ್ಲಿ ಇದಕ್ಕೆ ಒಂದು ಗಜ ಉದ್ದದ ಇಂಗ್ಲಿಷ್ ಹೆಸರಿದೆ. ಸತ್ತ ದನ ಕುಯ್ದ ನಮ್ಮ ಮುತ್ತಾತಂದಿರು ಆ ತಂತಿಯನ್ನು ಬೆರಳಲ್ಲಿ ಹಿಡಿದು ನೋಡಿದ್ದರು. ನಾಲ್ಕು ಹೊಟ್ಟೆ ಎಲ್ಲೆಲ್ಲಿ ಹೇಗೆ ಕೂತಿವೆ, ಯಾವ ಕೀಲಿಗೆ ಚೂರಿ ಇಟ್ಟರೆ ಬಿಟ್ಟುಕೊಳ್ಳುತ್ತದೆ, ತೊಗಲು ಹರಿಯದ ಹಾಗೆ ಎಲ್ಲಿಂದ ಸುಲಿಯಬೇಕು, ಎಲ್ಲ ಬಲ್ಲವರು. ಅದನ್ನು ಅಂಗರಚನಾಶಾಸ್ತ್ರ ಅಂತ ಯಾರೂ ಕರೆಯಲಿಲ್ಲ. ಹೊಲಸು ಅಂತ ಕರೆದರು. 1958ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಶುರುವಾಯಿತು. ಅಲ್ಲಿ ಸತ್ತ ದನ ಕುಯ್ದವನು ಡಾಕ್ಟರಾದ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದ ನಮ್ಮ ಹುಡುಗರನ್ನು ಕಾರಿಗೆ ಕಟ್ಟಿ ಹೊಡೆದರು.

ಬಿ.ಎ. ಓದಿ ಪದ್ಯ ಬರೆಯೋರಿಗೆ ಇದೆಲ್ಲ ಹೇಗೆ ಗೊತ್ತು ಅಂತೀರಾ? ಪಶುವೈದ್ಯ ಓದುವ ಗೆಳೆಯರ ಪುಸ್ತಕ ತಿರುವಿದ್ದೇವೆ, ಅವರನ್ನು ರಾತ್ರಿಯಿಡೀ ಪೀಡಿಸಿದ್ದೇವೆ. ಆಪರೇಷನ್ ಥಿಯೇಟರಿನ ಮಡಿ ನೋಡಬೇಕಾದ ಮಡಿ. ಕತ್ತರಿ, ಇಕ್ಕಳಗಳನ್ನು 121 ಡಿಗ್ರಿ ಉಗಿಯಲ್ಲಿ ಕಾಲು ಗಂಟೆಯಾದರೂ ಬೇಯಿಸುತ್ತಾರೆ. ದೊಡ್ಡ ಹೊಟ್ಟೆ ಕುಯ್ಯುವಾಗ ಮೊದಲು ಅದನ್ನು ಎಳೆದು ಚರ್ಮದ ಅಂಚಿಗೆ ಹೊಲಿಯುತ್ತಾರೆ, ಒಳಗಿನ ರಸ ಒಂದು ತೊಟ್ಟೂ ಕರುಳಿನ ಮೇಲೆ ಬೀಳಬಾರದು ಅಂತ. ಕೈ ಹಾಕಿ ತಂತಿಯನ್ನೋ ಪ್ಲಾಸ್ಟಿಕ್ಕನ್ನೋ ತೆಗೆದು ಚೀಲ ಮುಚ್ಚಿದ ಮೇಲೆ ಗ್ಲೌಸು ಬದಲು, ಕತ್ತರಿ ಬದಲು. ಅಲ್ಲಿಗೆ ಮೈಲಿಗೆ ಮುಗಿಯಿತು. ಈ ಮೈಲಿಗೆ ಅಂದರೆ ಸೂಕ್ಷ್ಮಾಣು, ತೊಳೆದರೆ ಹೋಗುತ್ತದೆ, ಬೇಯಿಸಿದರೆ ಸಾಯುತ್ತದೆ. ಸಾವಿರಾರು ವರ್ಷ ತೊಳೆದರೂ ಹೋಗದ ಮೈಲಿಗೆಯನ್ನು ಕಂಡುಹಿಡಿದ ಪಂಡಿತರು ಒಂದು ದಿನ ಅಲ್ಲಿ ಬಂದು ನಿಲ್ಲಲಿ.

ಆದರೆ ಅಂಥ ಥಿಯೇಟರು ಎಷ್ಟು ಕಡೆ ಇದೆ ಸ್ವಾಮಿ? ರೇಸಿನ ಕುದುರೆಗೆ ಮೆತ್ತೆ ಹಾಸಿದ ಮೇಜು, ಮೂಗಿಗೆ ಗ್ಯಾಸು. ಸಾಹೇಬರ ನಾಯಿಗೆ ಎ.ಸಿ. ಕೋಣೆ. ಕೂಲಿಯವನು ಸಾಲ ತೆಗೆದು ತಂದ ಹಸುವಿಗೆ ಒಂದು ಕಬ್ಬಿಣದ ಕಟಕಟೆ, ಒಂದು ಬೇವಿನ ಮರ.

ಬಯಲಲ್ಲಿ ಕುಯ್ಯುವುದೇ ತಪ್ಪು ಅಂತ ನಾವು ಹೇಳೋದಿಲ್ಲ. ಹಸುವನ್ನು ಬಹಳ ಹೊತ್ತು ಅಂಗಾತ ಮಲಗಿಸಿದರೆ ಹೊಟ್ಟೆ ಉಬ್ಬಿ ಶ್ವಾಸಕೋಶವನ್ನು ಒತ್ತುತ್ತದೆ, ಮೇವಿನ ರಸ ಬಾಯಿಗೆ ಬಂದು ಉಸಿರಿನ ಕೊಳವೆಗೆ ಇಳಿಯುತ್ತದೆ. ಅದಕ್ಕೇ ಕರು ಅಡ್ಡ ಸಿಕ್ಕಿಕೊಂಡಾಗ ಸಾಮಾನ್ಯವಾಗಿ ಹಸುವನ್ನು ನಿಲ್ಲಿಸಿಕೊಂಡೇ ಎಡ ಪಕ್ಕೆ ಕುಯ್ಯುತ್ತಾರೆ. ಎಡಕ್ಕೇ ಯಾಕೆ ಅಂದರೆ ದೊಡ್ಡ ಹೊಟ್ಟೆ ಆ ಕಡೆ ಇದ್ದು ಕರುಳು ಹೊರಕ್ಕೆ ಜಾರದ ಹಾಗೆ ತಡೆಯುತ್ತದೆ. ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನುಮೂಳೆಯ ಬದಿಗೆ, ಲೆಕ್ಕವಾಗಿ ಲಿಗ್ನೋಕೇನ್ ಚುಚ್ಚಿದರೆ ಪಕ್ಕೆ ಪೂರಾ ಜೋಮು ಹಿಡಿಯುತ್ತದೆ. ಹಸು ನಿಂತೇ ಇರುತ್ತದೆ, ಅದರ ಪಕ್ಕೆಯಿಂದ ಕರು ಹೊರಗೆ ಬರುತ್ತದೆ. ಒಳ್ಳೇ ಡಾಕ್ಟರ ಕೈಯಲ್ಲಿ ಬಯಲೂ ಥಿಯೇಟರೇ. ಆದರೆ ಅಲ್ಲಿ ಬಿಸಿನೀರು, ಸೋಪು, ಕುದಿಸಿದ ಕತ್ತರಿ, ಜೋಮಿನ ಮದ್ದು ಇರಬೇಕು. ಇವೆಲ್ಲದರ ಬದಲು ಹಗ್ಗ ಮತ್ತು ನಾಲ್ಕು ಜನ ಇದ್ದರೆ ಅದು ಶಸ್ತ್ರಚಿಕಿತ್ಸೆಯಲ್ಲ. ಕಸಾಯಿ ಕೆಲಸವೂ ಅಲ್ಲ, ಕಸಾಯಿಯವನಾದರೂ ಬೇಗ ಮುಗಿಸುತ್ತಾನೆ.

ಆ ನಾಲ್ಕು ಜನ ಯಾರು? ಹೆಚ್ಚಿನ ಕಡೆ ಹಗ್ಗ ಹಾಕಿ ಕೆಡವೋನು ನಮ್ಮವನು. ಕೊಂಬು ಹಿಡಿಯೋನು ನಮ್ಮವನು. ಒಳಗೇ ಕೊಳೆತ ಕರುವನ್ನು ಎಳೆಯೋನು, ಮಾಸು ಎತ್ತಿ ಹೂಳೋನು ನಮ್ಮವನು. ಕಂದು ರೋಗದ ಹಸುವಿನ ಮಾಸಿನಿಂದ ಮನುಷ್ಯರಿಗೂ ಆ ರೋಗ ಹತ್ತುತ್ತದೆ, ಬಿಟ್ಟುಬಿಟ್ಟು ಜ್ವರ, ಕೀಲುಕೀಲು ನೋವು, ತಿಂಗಳುಗಟ್ಟಲೆ ಕೂಲಿ ಇಲ್ಲ. ಡಾಕ್ಟರಿಗೆ ತೋಳುದ್ದ ಗ್ಲೌಸು, ಇವನಿಗೆ ಬರಿಗೈ. ನೆರಡಿಯಿಂದ ಸತ್ತ ದನವನ್ನು ಕುಯ್ಯಲೇಬಾರದು ಅಂತ ಪುಸ್ತಕದಲ್ಲಿದೆ. ಆ ಪುಸ್ತಕ ಕೇರಿಗೆ ಬರಲಿಲ್ಲ, ದನ ಬಂತು.

ಗೋಮಾತೆಯ ಮಕ್ಕಳಿಗೂ ಒಂದು ಮಾತು. 2021ರಲ್ಲಿ ಈ ರಾಜ್ಯದಲ್ಲಿ ಗೋಹತ್ಯೆ ನಿಷೇಧದ ಹೊಸ ಕಾಯ್ದೆ ತಂದಿರಿ. ಪೇಟೆ ಬೀದಿಯಲ್ಲಿ ಹತ್ತಾರು ಕಿಲೋ ಪ್ಲಾಸ್ಟಿಕ್ ತುಂಬಿಕೊಂಡು ಮೆಲುಕು ನಿಂತುಹೋದ ತಾಯಿಯ ಹೊಟ್ಟೆ ಕುಯ್ಯುವಾಗ ನಿಮ್ಮಲ್ಲಿ ಎಷ್ಟು ಮಂದಿ ಹಗ್ಗ ಹಿಡಿದಿದ್ದೀರಿ? ಬಾಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಕೈ ಮೊಳಕೈವರೆಗೆ ಸಗಣಿಯಲ್ಲಿ ಅದ್ದೋದಕ್ಕೆ ಯಾಕೆ ಬರೋದಿಲ್ಲ? 2022ರಲ್ಲಿ ಸಂಚಾರಿ ಪಶು ಆಸ್ಪತ್ರೆಯ ವ್ಯಾನುಗಳು ಬಂದವು, 1962ಕ್ಕೆ ಫೋನ್ ಮಾಡಿ ಅಂದರು. ಒಳ್ಳೆಯದೇ ಆಯಿತು. ವ್ಯಾನು ಬಂದು ನಿಂತ ಮೇಲೆ ಹಗ್ಗಕ್ಕೆ ಕೂಗೋದು ಮಾತ್ರ ಕೇರಿಯ ಕಡೆಗೇ.

ಗೆಳೆಯರೇ, 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಣಿಯಾದ ಪದವೀಧರನೇ ಈ ವೈದ್ಯ ಮಾಡಬೇಕು. ಕಾಯ್ದೆ ಸರಿಯಾಗೇ ಇದೆ, ಅಜ್ಜನ ಚೂರಿ ಎತ್ತಿಕೊಂಡು ಹೊರಡಿ ಅಂತ ನಾವು ಹೇಳುತ್ತಿಲ್ಲ. ಪದವಿ ಹಿಡಿಯಿರಿ ಅಂತಿದ್ದೇವೆ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಷಿಪ್. ಪಿಯುಸಿಯಲ್ಲಿ ಜೀವಶಾಸ್ತ್ರ ಇರಬೇಕು. ಹತ್ತನೇ ಕ್ಲಾಸು ಮುಗಿಸಿದ ನಮ್ಮ ಹುಡುಗ, ಹುಡುಗಿಗೆ ‘ನಿಂಗ್ಯಾಕೆ ಸೈನ್ಸು, ಆರ್ಟ್ಸ್ ತಗೋ’ ಅನ್ನುವವರು ಈಗಲೂ ಇದ್ದಾರೆ. ನಾವೆಲ್ಲ ಆ ಮಾತಿನಿಂದಲೇ ಆರ್ಟ್ಸಿಗೆ ಬಂದವರು. ಪದ್ಯಕ್ಕೆ ಅದರಿಂದ ಲಾಭವಾಯಿತೋ ಏನೋ, ಕೇರಿಯ ಹಸುವಿಗೆ ಆಗಲಿಲ್ಲ. ಈ ವರ್ಷ ಹಾಸ್ಟೆಲಿಗೆ ಸೇರುವ ಚಿಕ್ಕವರನ್ನು ಕೂರಿಸಿಕೊಂಡು ಮಾತಾಡಿ. ಸೈನ್ಸ್ ಓದುವವರಿಗೆ ಸಂಜೆ ಪಾಠ ಹೇಳುವವರು ಬೇಕು, ವಾರ್ಡನ್ನಿಗೆ ಅರ್ಜಿ ಬರೆಯಿರಿ, ಹತ್ತು ಜನ ಒಟ್ಟಿಗೇ ಹೋಗಿ ಕೊಡಿ.

ರಜೆಗೆ ಊರಿಗೆ ಹೋದಾಗ ತಾಲ್ಲೂಕಿನ ದನದ ಆಸ್ಪತ್ರೆಗೂ ಒಮ್ಮೆ ಹೋಗಿ. ಲಿಗ್ನೋಕೇನ್ ಸ್ಟಾಕಿದೆಯಾ, ಕತ್ತರಿ ಕುದಿಸುವ ಪಾತ್ರೆ ಇದೆಯಾ, ಹಗ್ಗ ಹಿಡಿಯುವವನಿಗೆ ಗ್ಲೌಸು ಕೊಡುತ್ತಾರಾ, ಕೇಳಿ ಬರೆದುಕೊಂಡು ಬನ್ನಿ. ಮುಂದಿನ ಸಭೆಯಲ್ಲಿ ಊರೂರಿನ ಪಟ್ಟಿಯನ್ನು ಗಟ್ಟಿಯಾಗಿ ಓದೋಣ.