ಪ್ಯಾಕ್‌ಮ್ಯಾನ್‌ಗೆ ಗ್ವಾಡಿ ಎಬ್ಬಿಸಬ್ಯಾಡ್ರಿ

ಚುಕ್ಕಿ ನುಂಗೋ ಹಳದಿ ಗುಂಡಣ್ಣನ ಆಟ ಈಗ ತ್ರೀಡಿ ಆಗಬೇಕಂತ. ಯಾಕ ಬೇಕ್ರೆವ್ವಾ? ಜಪಾನಿನ ತೋರು ಇವಾತಾನಿ 1980ರಾಗ ಇದನ್ನ ಮಾಡಿದ್ದ ಹೆಣ್ಮಕ್ಕಳೂ ಆಡಲಿ ಅಂತ. ಆಗ ಎಲ್ಲಿ ನೋಡಿದ್ರೂ ಗುಂಡು ಹೊಡಿಯೋ ಆಟ. ಈತ ತಿನ್ನೋದನ್ನ ಆಟ ಮಾಡಿದ. ಒಂದ ಹಿಡಿಕಿ, ನಾಕು ದಿಕ್ಕು, ನಾಕು ದೆವ್ವ, ಎಲ್ಲಾ ಕಣ್ಮುಂದ. ಈಗ ಫೋನಿನ್ಯಾಗ ಕುಕ್ಕರ್ ಮೂರು ಸೀಟಿ ಹೊಡಿಯೋದ್ರಾಗ ಒಂದಾಟ ಮುಗಿತೈತಿ.

ಗ್ವಾಡಿ ಎಬ್ಬಿಸಿ ನಮ್ಮನ್ನ ಒಳಗ ನಿಲ್ಲಿಸಿದ್ರ ದೆವ್ವ ಯಾವ ಮೂಲ್ಯಾಗೈತಿ ಅಂತ ಹೆಂಗ ಗೊತ್ತಾಗಬೇಕು? ನಮ್ಮ ಮಾಗಳದಾಗ ಚುಕ್ಕಿ ರಂಗೋಲಿ ಹಾಕಿ ಎದ್ದು ನಿಂತು ನೋಡ್ತೀವಿ, ಅದರೊಳಗ ಹೊಕ್ಕು ನೋಡ್ತೀವೇನು? ಹಳೇಬೀಡಿನ ಹೊಯ್ಸಳೇಶ್ವರ ಗುಡಿಯಾಗ ಚಕ್ರವ್ಯೂಹಾನ ಮ್ಯಾಲಿಂದ ಕಂಡಂಗ ಸುತ್ತುಸುತ್ತಾಗಿ ಕಡದಾರ. ದಾರಿ ನಮಗ ಕಾಣತೈತಿ, ಒಳಗಿನ ಅಭಿಮನ್ಯುಗ ಕಾಣಂಗಿಲ್ಲ. ತ್ರೀಡಿ ಮಾಡಾವ್ರು ನಮ್ಮನ್ನ ಅಭಿಮನ್ಯು ಮಾಡಾಕ ಹೊಂಟಾರ.

1987ರಾಗ ಪ್ಯಾಕ್‌ಮೇನಿಯಾ ಅಂತ ಒಂದು ಬಂತು, ಓರೆಯಾಗಿ ತೋರಿಸೋದು. ಆಟದ ಮನಿ ಪೂರ್ತಿ ಪರದೆಗೆ ಹಿಡಿಸಲಿಲ್ಲ. ಕಡೀಗೆ ದೆವ್ವದ ಮ್ಯಾಲೆ ಹಾರಾಕ ಒಂದು ಗುಂಡಿ ಕೊಟ್ರು!

ಮೂಲ್ಯಾಗ ಸಣ್ಣ ನಕ್ಷೆ ಇಡ್ತೀವಿ ಅಂತಾರ. ಇಡ್ರಿ. ನಾವು ಆ ನಕ್ಷೀನ ನೋಡ್ಕೊಂತ ಆಡ್ತೀವಿ, ನಿಮ್ಮ ಗ್ವಾಡಿ ಯಾರಿಗೆ?